ಹರದಾರಿಯಿಂದ ಹಾರುವ ದಾರಿಗೆ

ಗುಂಡ್ಲುಪೇಟೆಯಿಂದ ಚಾಮರಾಜನಗರ ಎಷ್ಟು ದೂರ? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. 'ಸುಮಾರು 35 ಕಿಲೋಮೀಟರ್' ಎಂದು ಒಬ್ಬ ಹೇಳುತ್ತಾನೆ. 'ಬಸ್ಸಿನಲ್ಲಿ ಒಂದು ಗಂಟೆ' ಎಂದು ಇನ್ನೊಬ್ಬಳು ಹೇಳುತ್ತಾಳೆ. ಭೂಪಟವನ್ನೂ ಅಳತೆಪಟ್ಟಿಯನ್ನೂ ಹಿಡಿದು ಕುಳಿತ ಮೂರನೆಯವನು '30 ಕಿಲೋಮೀಟರ್' ಎನ್ನಬಹುದು. ಮೂವರ ಉತ್ತರವೂ ಸರಿಯೇ. ಮೊದಲನೆಯದು ತೆರಕಣಾಂಬಿಯ ಮೇಲೆ ಹಾದುಹೋಗುವ ರಸ್ತೆಯ ಉದ್ದ. ಎರಡನೆಯದು ಪ್ರಯಾಣಕ್ಕೆ ಬೇಕಾದ ಕಾಲ. ಮೂರನೆಯದು ಎರಡು ಊರುಗಳ ನಡುವಿನ ನೇರ ದೂರ. ಈ ನೇರ ದೂರದಲ್ಲಿ ಹಕ್ಕಿ ಹೋಗಬಹುದು, ವಿಮಾನ ಹೋಗಬಹುದು, ನಾವು ಹೋಗಲಾರೆವು.

ಇಂದು ಯಾವುದೇ ಎರಡು ವಿಮಾನ ನಿಲ್ದಾಣಗಳ ಹೆಸರನ್ನು ಕೊಟ್ಟರೆ ಅವುಗಳ ನಡುವಿನ ನೇರ ದೂರವೂ ಹಾರಾಟದ ಕಾಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಗಣಕದ ಪರದೆಯ ಮೇಲೆ ಮೂಡುತ್ತವೆ. ಅಷ್ಟು ಸುಲಭವಾಗಿ ಸಿಗುವ ಈ ಸಂಖ್ಯೆಯ ಹಿಂದೆ ಎರಡು ಶತಮಾನಗಳ ದುಡಿಮೆಯಿದೆ. ಆ ದುಡಿಮೆಯ ಒಂದು ಮುಖ್ಯ ಪರೀಕ್ಷೆ ನಡೆದದ್ದು ನಮ್ಮ ಮೈಸೂರು ಸೀಮೆಯ ನೆಲದ ಮೇಲೆ. ಇದು ಈ ಲೇಖನದ ಮೊದಲ ವಿಷಯ. ದೂರವನ್ನು ಎಷ್ಟೇ ನಿಖರವಾಗಿ ಅಳೆದರೂ ಅದರಿಂದಷ್ಟೇ ಪ್ರಯಾಣದ ಕಾಲ ತಿಳಿಯುವುದಿಲ್ಲ ಎಂಬುದು ಎರಡನೆಯ ವಿಷಯ.

ಕಾಲವೇ ದೂರವಾಗಿದ್ದಾಗ

ನಮ್ಮ ಹಿರಿಯರು ದೂರವನ್ನು ಹೇಳುತ್ತಿದ್ದ ಮಾತುಗಳನ್ನು ನೆನಪಿಸಿಕೊಳ್ಳಿ. ಕೂಗಳತೆ, ಹರದಾರಿ, ಗಾವುದ, ಒಂದು ದಿನದ ದಾರಿ. ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ ಕೂಗಳತೆ. ಹರದಾರಿ ಎಂದರೆ ಸುಮಾರು ಮೂರು ಮೈಲಿ; ಅಂಥ ನಾಲ್ಕು ಸೇರಿದರೆ ಒಂದು ಗಾವುದ. ಆದರೆ ಒಂದು ಸೀಮೆಯ ಹರದಾರಿ ಇನ್ನೊಂದು ಸೀಮೆಯದಕ್ಕೆ ಸಮನಾಗಿರಬೇಕೆಂದಿಲ್ಲ. ಬಯಲಿನ ಹರದಾರಿಗೂ ಬೆಟ್ಟ ಹತ್ತಿ ಇಳಿಯುವ ಹರದಾರಿಗೂ ವ್ಯತ್ಯಾಸವಿರುತ್ತಿತ್ತು.

ಇದನ್ನು ಅಜ್ಞಾನವೆಂದು ನಗಬೇಡಿ. ಕತ್ತಲಾಗುವುದರೊಳಗೆ ಊರು ಸೇರಬಹುದೇ, ಎತ್ತುಗಳಿಗೆ ನೀರು ಎಲ್ಲಿ ಸಿಗುತ್ತದೆ ಎಂಬುದು ದಾರಿಹೋಕನ ಚಿಂತೆ. ಆತನಿಗೆ ಬೇಕಾದದ್ದು ಉದ್ದವಲ್ಲ, ಕಾಲ. ಆದುದರಿಂದ ಅವನ ಅಳತೆಗೋಲಿನಲ್ಲಿ ಕಾಲವೂ ದಣಿವೂ ಬೆರೆತಿದ್ದವು.

ಹಾಗೆಂದು ಭೂಮಿಯ ಅಳತೆಯ ಬಗ್ಗೆ ನಮ್ಮವರು ಯೋಚಿಸಿರಲಿಲ್ಲವೆಂದಲ್ಲ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಭೂಮಿಯ ವ್ಯಾಸವನ್ನು 1050 ಯೋಜನ ಎಂದು ಕೊಟ್ಟ. ಹನ್ನೆರಡನೆಯ ಶತಮಾನದ ಎರಡನೆಯ ಭಾಸ್ಕರ ಭೂಮಿಯ ಪರಿಧಿಯನ್ನು ಕಂಡುಹಿಡಿಯುವ ವಿಧಾನವನ್ನೇ ವಿವರಿಸಿದ. ಒಂದೇ ರೇಖಾಂಶದ ಮೇಲೆ ಉತ್ತರ ದಕ್ಷಿಣವಾಗಿ ಇರುವ ಎರಡು ಊರುಗಳನ್ನು ಆರಿಸಿಕೊಳ್ಳಿ. ಅವುಗಳ ಅಕ್ಷಾಂಶಗಳ ವ್ಯತ್ಯಾಸವನ್ನು ನಕ್ಷತ್ರ ನೋಡಿ ತಿಳಿಯಿರಿ. ನಡುವಿನ ದೂರವನ್ನು ಅಳೆಯಿರಿ. ಆಮೇಲೆ ಉಳಿಯುವುದು ತ್ರೈರಾಶಿಯ ಲೆಕ್ಕ. ಇಷ್ಟು ಡಿಗ್ರಿಗೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು?

ವಿಧಾನದಲ್ಲಿ ದೋಷವಿಲ್ಲ. ಕಷ್ಟವಿರುವುದು 'ನಡುವಿನ ದೂರವನ್ನು ಅಳೆಯಿರಿ' ಎಂಬ ಮಾತಿನಲ್ಲಿ. ದಾರಿ ಬಳಸುತ್ತದೆ, ಏರುತ್ತದೆ, ಇಳಿಯುತ್ತದೆ. ನಡುವೆ ಹೊಳೆಯೋ ಕಾಡೋ ಇರುತ್ತದೆ. ನೇರ ದೂರವನ್ನು ನೆಲದ ಮೇಲೆ ನಡೆದು ಅಳೆಯುವುದು ಆಗದ ಮಾತು. ನಡೆಯದೆಯೇ ಅಳೆಯುವ ಉಪಾಯ ಬೇಕಾಗಿತ್ತು.

ಮೈಸೂರು ಸೀಮೆಯಲ್ಲಿ ತ್ರಿಭುಜಗಳ ಸರಪಳಿ

ಆ ಉಪಾಯ ನಿಮಗೆ ಹೈಸ್ಕೂಲಿನಿಂದಲೇ ಗೊತ್ತು. ತ್ರಿಭುಜದ ಒಂದು ಬಾಹುವಿನ ಉದ್ದ ಮತ್ತು ಅದರ ಎರಡು ತುದಿಗಳ ಕೋನಗಳು ತಿಳಿದಿದ್ದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದು. ಹೀಗೆ ಪಡೆದ ಬಾಹುವಿನ ಮೇಲೆ ಮತ್ತೊಂದು ತ್ರಿಭುಜವನ್ನು ಕಟ್ಟಬಹುದು, ಅದರ ಮೇಲೆ ಇನ್ನೊಂದನ್ನು. ಮೊದಲ ಬಾಹುವನ್ನು, ಎಂದರೆ ಆಧಾರರೇಖೆಯನ್ನು, ಮಾತ್ರ ನೆಲದ ಮೇಲೆ ಅಳೆದರೆ ಸಾಕು. ಮುಂದೆಲ್ಲ ಕೋನಗಳನ್ನು ಅಳೆಯುತ್ತಾ ನಾಡನ್ನೇ ದಾಟಬಹುದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಇಂಗ್ಲಿಷರು ಮುಂದಾದರು. ತೆರಿಗೆಗಾಗಿ, ಸೈನ್ಯದ ಓಡಾಟಕ್ಕಾಗಿ, ಗೆದ್ದ ನೆಲದ ಮೇಲಿನ ಹಿಡಿತಕ್ಕಾಗಿ ಅವರಿಗೆ ನಕ್ಷೆಗಳು ಬೇಕಾಗಿದ್ದವು. ಊರು, ಕೆರೆ, ಬೆಟ್ಟ, ಗಡಿಗಳ ವಿವರವಾದ ಸರ್ವೆಯ ಹೊಣೆ ಕಾಲಿನ್ ಮೆಕೆಂಝಿಗೆ ಬಂತು. ಅದೇ ಯುದ್ಧದಲ್ಲಿ ಕಾದಾಡಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿ ಬೇರೊಂದು ಯೋಜನೆಯನ್ನು ಮುಂದಿಟ್ಟ. ಪರ್ಯಾಯ ದ್ವೀಪದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ತ್ರಿಭುಜಗಳ ಸರಪಳಿಯನ್ನು ಕಟ್ಟುವುದು, ಜೊತೆಗೆ ಈ ಅಕ್ಷಾಂಶಗಳಲ್ಲಿ ಒಂದು ಡಿಗ್ರಿಯ ಉದ್ದವೆಷ್ಟೆಂದು ಕಂಡುಹಿಡಿದು ಭೂಮಿಯ ಆಕಾರವನ್ನು ತಿಳಿಯುವುದು. ಮುಂದೆ ಮಹಾ ತ್ರಿಕೋನಮಿತೀಯ ಸರ್ವೆ ಎಂದು ಹೆಸರಾದ ಕೆಲಸದ ಆರಂಭ ಇದು.

1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯಲು ತೊಡಗಿದರು. ಅಳತೆಗೆ ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ಬ್ರಿಟಿಷ್ ರಾಯಭಾರಿ ಒಯ್ದಿದ್ದ ಉಡುಗೊರೆಗಳಲ್ಲಿ ಇದೂ ಒಂದು. ಅಲ್ಲಿ ಸ್ವೀಕೃತವಾಗದೆ ಭಾರತಕ್ಕೆ ಬಂದಿತ್ತು. ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಮುಕ್ಕಾಲಿಗಳ ಮೇಲೆ ಸಮಮಟ್ಟಕ್ಕೆ ತಂದು, ಪಕ್ಕದಲ್ಲಿ ಉಷ್ಣತಾಮಾಪಕಗಳನ್ನಿಟ್ಟು ಅಳೆದರು.

ಉಷ್ಣತಾಮಾಪಕ ಏಕೆ? ಲೆಕ್ಕ ಹಾಕಿ ನೋಡಿ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಸರಪಳಿ ಸುಮಾರು 0.35 ಮಿಲಿಮೀಟರ್ ಹಿಗ್ಗುತ್ತದೆ. ಮುಂಜಾನೆಗೂ ಮಧ್ಯಾಹ್ನಕ್ಕೂ 10 ಡಿಗ್ರಿ ವ್ಯತ್ಯಾಸವಾದರೆ 3.5 ಮಿಲಿಮೀಟರ್. ಏಳೂವರೆ ಮೈಲಿಗೆ ಸರಪಳಿಯನ್ನು ಸುಮಾರು 400 ಸಲ ಹಾಸಬೇಕು. ಎಲ್ಲ ಸೇರಿ 1.4 ಮೀಟರಿನಷ್ಟು ತಪ್ಪಾಗುತ್ತದೆ! ಆಧಾರರೇಖೆಯಲ್ಲಿ ನುಸುಳಿದ ತಪ್ಪು ಮುಂದಿನ ಪ್ರತಿಯೊಂದು ತ್ರಿಭುಜಕ್ಕೂ ಅದೇ ಪ್ರಮಾಣದಲ್ಲಿ ಹರಡುತ್ತದೆ.

ತಪ್ಪು ನುಸುಳಿಲ್ಲವೆಂದು ತಿಳಿಯುವುದು ಹೇಗೆ? ಸರಪಳಿಯ ಇನ್ನೊಂದು ತುದಿಯಲ್ಲಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು, ಲೆಕ್ಕದಿಂದ ಬಂದ ಉದ್ದದೊಂದಿಗೆ ಹೋಲಿಸಬೇಕು. ಈ ಪರೀಕ್ಷೆ ನಡೆದದ್ದು ಬೆಂಗಳೂರಿನ ಬಳಿ, 1804ರಲ್ಲಿ. ಅಳೆದವನು ಲ್ಯಾಂಬ್ಟನ್‌ನ ಸಹಾಯಕ ಜಾನ್ ವಾರನ್. ಮದರಾಸಿನಿಂದ ತ್ರಿಭುಜಗಳ ಮೂಲಕ ಲೆಕ್ಕ ಹಾಕಿ ತಂದ ಉದ್ದಕ್ಕೂ ಬೆಂಗಳೂರಿನ ನೆಲದ ಮೇಲೆ ಅಳೆದ ಉದ್ದಕ್ಕೂ ಸುಮಾರು ಏಳೂವರೆ ಮೈಲಿಯಲ್ಲಿ ಇದ್ದ ವ್ಯತ್ಯಾಸ 3.7 ಅಂಗುಲ. ಎಂದರೆ ಹತ್ತು ಸೆಂಟಿಮೀಟರಿಗೂ ಕಡಿಮೆ!

ಸರಪಳಿ ಅಲ್ಲಿಂದ ಪಶ್ಚಿಮಕ್ಕೆ ಸಾಗಿ ಮಂಗಳೂರಿನ ಕಡೆಯ ಕರಾವಳಿಯನ್ನು ಮುಟ್ಟಿತು. ಆಗ ಬಯಲಾದ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. ಆವರೆಗಿನ ನಕ್ಷೆಗಳು ಇಲ್ಲಿ ಪರ್ಯಾಯ ದ್ವೀಪದ ಅಗಲವನ್ನು ಸುಮಾರು 400 ಮೈಲಿ ಎಂದು ತೋರಿಸುತ್ತಿದ್ದವು. ನಿಜವಾದ ಅಗಲ ಸುಮಾರು 360 ಮೈಲಿ. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು.

ದಕ್ಷಿಣದ ಕಡೆಗೆ ಇನ್ನೊಂದು ಸರಪಳಿ ಬೆಂಗಳೂರಿನಿಂದ ಕೊಯಮತ್ತೂರಿನತ್ತ ಇಳಿಯಿತು. ಅಲ್ಲಿ 1806ರಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದು ತಾಳೆ ನೋಡಿದರು. ಅರಿಕುಠಾರ ಎಂಬ ಊರಿಗೆ ಚಾಮರಾಜನಗರವೆಂಬ ಹೆಸರು ಬಂದದ್ದು 1818ರಲ್ಲಿ. ಅಷ್ಟರೊಳಗೆ ಈ ಸೀಮೆಯ ಸುತ್ತಮುತ್ತಲಿನ ನೆಲ ತ್ರಿಭುಜಗಳ ಬಲೆಯೊಳಗೆ ಬಂದಾಗಿತ್ತು.

ಇಂಥ ಕೆಲಸಕ್ಕೆ ಬೆಟ್ಟಗಳೇ ಬೇಕು. ಕಾರಣ ಭೂಮಿಯ ಗುಂಡಗಿನ ಮೈ. ಬಯಲಿನಲ್ಲಿ ನಿಂತವನಿಗೆ ಕ್ಷಿತಿಜ ನಾಲ್ಕೈದು ಕಿಲೋಮೀಟರ್ ದೂರದಲ್ಲೇ ಮುಗಿಯುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದಲ್ಲಿದೆ; ಗುಂಡ್ಲುಪೇಟೆಯ ಬಯಲು ಸುಮಾರು 800 ಮೀಟರ್. ಬಯಲಿಗಿಂತ 650 ಮೀಟರ್ ಮೇಲಿರುವ ಕಣ್ಣಿಗೆ ಕ್ಷಿತಿಜ ಎಷ್ಟು ದೂರ? ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಉತ್ತರ ಬರುತ್ತದೆ. ಅದು ಸುಮಾರು 91 ಕಿಲೋಮೀಟರ್. ಒಂದು ಬೆಟ್ಟದ ತುದಿಯಿಂದ ಇನ್ನೊಂದರ ತುದಿಯ ಬಾವುಟಕ್ಕೆ ಗುರಿಯಿಟ್ಟು ಕೋನವನ್ನು ಅಳೆದ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು. ಅದನ್ನು ಬೆಟ್ಟಗಳ ಮೇಲಕ್ಕೆ ಹೊತ್ತವರು, ಬಾವುಟ ಹಿಡಿದು ನಿಂತವರು, ಕಾಡು ಕಡಿದು ನೋಟಕ್ಕೆ ದಾರಿ ಮಾಡಿದವರು ಇಲ್ಲಿನ ಜನ. ಲ್ಯಾಂಬ್ಟನ್ 1823ರಲ್ಲಿ ಹಿಂಗನ್‌ಘಾಟ್‌ನಲ್ಲಿ ಸರ್ವೆಯ ಕೆಲಸದ ನಡುವೆಯೇ ತೀರಿಕೊಂಡ. ಅವನ ಹೆಸರಾದರೂ ಪುಸ್ತಕಗಳಲ್ಲಿ ಉಳಿಯಿತು. ಹೊತ್ತವರ ಹೆಸರುಗಳು ಉಳಿಯಲಿಲ್ಲ.

ಲೆಕ್ಕ ನೀವೇ ಮಾಡಿ

ಈ ಅಳತೆಗಳ ಫಲವೆಂದರೆ ಪ್ರತಿ ಊರಿಗೂ ಒಂದು ಅಕ್ಷಾಂಶ, ಒಂದು ರೇಖಾಂಶ. ಅವು ಕೈಯಲ್ಲಿದ್ದರೆ ನೇರ ದೂರಕ್ಕೆ ಸರಪಳಿಯೂ ಬೇಡ, ಬೆಟ್ಟವೂ ಬೇಡ.

ಚಾಮರಾಜನಗರ ಉತ್ತರ ಅಕ್ಷಾಂಶ 11.92 ಡಿಗ್ರಿ, ಪೂರ್ವ ರೇಖಾಂಶ 76.94 ಡಿಗ್ರಿಯಲ್ಲಿದೆ. ಗುಂಡ್ಲುಪೇಟೆ 11.81 ಮತ್ತು 76.69ರಲ್ಲಿದೆ. ಅಕ್ಷಾಂಶಗಳ ವ್ಯತ್ಯಾಸ 0.11 ಡಿಗ್ರಿ. ನಮ್ಮಲ್ಲಿ ಒಂದು ಡಿಗ್ರಿ ಅಕ್ಷಾಂಶಕ್ಕೆ 110.6 ಕಿಲೋಮೀಟರ್, ಹಾಗಾಗಿ 12.2 ಕಿಲೋಮೀಟರ್. ರೇಖಾಂಶಗಳ ವ್ಯತ್ಯಾಸ 0.25 ಡಿಗ್ರಿ. ರೇಖಾಂಶಗಳು ಧ್ರುವಗಳತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಇಲ್ಲಿ ಒಂದು ಡಿಗ್ರಿಗೆ 108.9 ಕಿಲೋಮೀಟರ್ ಮಾತ್ರ, ಹಾಗಾಗಿ 27.2 ಕಿಲೋಮೀಟರ್. ಇವೆರಡೂ ಲಂಬಕೋನ ತ್ರಿಭುಜದ ಬಾಹುಗಳು. ಪೈಥಾಗೊರಸನ ಪ್ರಮೇಯದಿಂದ ವಿಕರ್ಣ 29.8 ಕಿಲೋಮೀಟರ್. ಮೂರನೆಯ ವಿದ್ಯಾರ್ಥಿಯ ಉತ್ತರ ಸರಿಯಾಯಿತು.

ಈಗ ಎರಡು ವಿಮಾನ ನಿಲ್ದಾಣಗಳಿಗೆ ಬನ್ನಿ. ಚಾಮರಾಜನಗರ ಜಿಲ್ಲೆಯವರಿಗೆ ರಾಜ್ಯದೊಳಗೆ ಹತ್ತಿರದ್ದು ಮೈಸೂರಿನ ಮಂಡಕಳ್ಳಿ ನಿಲ್ದಾಣ. ಅದರ ಅಕ್ಷಾಂಶ 12.23, ರೇಖಾಂಶ 76.66. ದೇವನಹಳ್ಳಿಯ ಬಳಿಯ ಬೆಂಗಳೂರು ನಿಲ್ದಾಣದವು 13.20 ಮತ್ತು 77.71. ಇದೇ ರೀತಿ ಲೆಕ್ಕ ಹಾಕಿದರೆ ದೂರ ಸುಮಾರು 156 ಕಿಲೋಮೀಟರ್. 2008ರ ಮೇ ತಿಂಗಳವರೆಗೆ ಬೆಂಗಳೂರಿನ ನಾಗರಿಕ ವಿಮಾನಗಳು ಎಚ್.ಎ.ಎಲ್. ನಿಲ್ದಾಣದಿಂದ ಹಾರುತ್ತಿದ್ದವು. ಅಲ್ಲಿಂದಾದರೆ ಈ ದೂರ ಸುಮಾರು 136 ಕಿಲೋಮೀಟರ್. ಊರುಗಳು ಕದಲಲಿಲ್ಲ, ನಿಲ್ದಾಣ ಕದಲಿದ್ದರಿಂದ ಹಾರಾಟದ ದೂರ 20 ಕಿಲೋಮೀಟರ್ ಹೆಚ್ಚಿತು.

ಇಷ್ಟು ಚಿಕ್ಕ ದೂರಗಳಿಗೆ ಭೂಮಿಯನ್ನು ಚಪ್ಪಟೆಯೆಂದು ಭಾವಿಸಿದರೂ ನಡೆಯುತ್ತದೆ. 156 ಕಿಲೋಮೀಟರಿನಲ್ಲಿ ಭೂಮಿಯ ಮೈಮೇಲಿನ ಕಂಸಕ್ಕೂ ಅದರ ಜ್ಯಾಕ್ಕೂ ಇರುವ ವ್ಯತ್ಯಾಸ ಸುಮಾರು 4 ಮೀಟರ್ ಅಷ್ಟೇ. ದೊಡ್ಡ ದೂರಗಳಲ್ಲಿ ಹಾಗಲ್ಲ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಮಹಾವೃತ್ತದ ಕಂಸ. ಗೋಳದ ಕೇಂದ್ರವೇ ಕೇಂದ್ರವಾಗಿರುವ ವೃತ್ತ ಮಹಾವೃತ್ತ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ನೇರವಾಗಿ ಬೆಂಗಳೂರಿಗೆ ಬಂದ ಮೊದಲ ಏರ್ ಇಂಡಿಯಾ ವಿಮಾನ, ಮಹಿಳೆಯರೇ ನಡೆಸಿದ ವಿಮಾನ, ಉತ್ತರ ಧ್ರುವದ ಮೇಲಿನಿಂದ ಹಾರಿ ಬಂತು. ಸುಮಾರು 14,000 ಕಿಲೋಮೀಟರಿನ ದಾರಿ. ಗೋಡೆಯ ಭೂಪಟದಲ್ಲಿ ಇದು ವಿಚಿತ್ರವಾದ ಬಳಸುದಾರಿಯಂತೆ ಕಾಣುತ್ತದೆ. ಗೋಳದ ಮೇಲೆ ದಾರವನ್ನು ಬಿಗಿದು ನೋಡಿ. ಧ್ರುವದ ಹತ್ತಿರದ ದಾರಿಯೇ ನೇರವಾದದ್ದು.

19 ನಿಮಿಷದ ದೂರ, ಒಂದು ಗಂಟೆಯ ಪ್ರಯಾಣ

ಬೆಂಗಳೂರು ಮತ್ತು ಮೈಸೂರಿನ ನಡುವೆ ಹಾರಿದಂಥ ಎರಡು ಪಂಕಗಳ ಟರ್ಬೊಪ್ರಾಪ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ದೂರವನ್ನು ವೇಗದಿಂದ ಭಾಗಿಸಿ. ಉತ್ತರ 19 ನಿಮಿಷ. ಆದರೆ ವೇಳಾಪಟ್ಟಿಯಲ್ಲಿ ಇಂಥ ಹಾರಾಟಕ್ಕೆ ಐವತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಕೊಟ್ಟಿರುತ್ತಾರೆ. ಉಳಿದ ನಿಮಿಷಗಳು ಎಲ್ಲಿ ಹೋದವು?

ಸ್ಥೂಲವಾಗಿ ಲೆಕ್ಕ ಹಾಕೋಣ. ವಿಮಾನ ನೆಲದಿಂದ 4000 ಮೀಟರ್ ಏರಬೇಕು, ಸೆಕೆಂಡಿಗೆ 6 ಮೀಟರಿನಂತೆ ಏರುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೇ 11 ನಿಮಿಷ ಬೇಕು. ಏರುವಾಗ ಮುಂದಕ್ಕೆ ಸಾಗುವ ವೇಗ ಕಡಿಮೆ, ಗಂಟೆಗೆ ಸುಮಾರು 330 ಕಿಲೋಮೀಟರ್ ಎನ್ನಿ. ಆಗ 60 ಕಿಲೋಮೀಟರ್ ಏರುವುದರಲ್ಲೇ ಕಳೆಯುತ್ತದೆ. ಇಳಿಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಪೂರ್ಣ ವೇಗದಲ್ಲಿ ಹಾರಲು ಉಳಿಯುವುದು 36 ಕಿಲೋಮೀಟರ್, ನಾಲ್ಕೈದು ನಿಮಿಷ. ಇದರ ಮೇಲೆ ರನ್‌ವೇಯ ದಿಕ್ಕಿಗೆ ತಿರುಗಿ ಸಾಲಿಗೆ ಬರುವ ಕಾಲ, ಎರಡೂ ಕಡೆ ನೆಲದ ಮೇಲೆ ಉರುಳುವ ಕಾಲ, ಅಪ್ಪಣೆಗಾಗಿ ಕಾಯುವ ಕಾಲ. ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ ಇನ್ನೊಂದು ಕಡೆ ನಿಂತಾಗ ನಿಲ್ಲುತ್ತದೆ. ದೂರ ಚಿಕ್ಕದಾದಷ್ಟೂ ಈ ಬದಲಾಗದ ನಿಮಿಷಗಳ ಪಾಲು ದೊಡ್ಡದು.

ಗಾಳಿಯ ಪಾಲೂ ಇದೆ. 600 ಕಿಲೋಮೀಟರ್ ದೂರದ ಊರಿಗೆ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಹೋಗಿ ಬರಲು 2 ಗಂಟೆ 24 ನಿಮಿಷ ಸಾಕು. ಹೋಗುವಾಗ ಗಂಟೆಗೆ 100 ಕಿಲೋಮೀಟರಿನ ಎದುರುಗಾಳಿ, ಬರುವಾಗ ಅದೇ ಗಾಳಿ ಹಿಂದಿನಿಂದ ಎಂದಾದರೆ? ಹೋಗಲು ಒಂದೂವರೆ ಗಂಟೆ, ಬರಲು ಒಂದು ಗಂಟೆ, ಒಟ್ಟು ಎರಡೂವರೆ ಗಂಟೆ. ಹೋಗುವಾಗ ಕಸಿದುಕೊಂಡದ್ದನ್ನು ಬರುವಾಗ ಗಾಳಿ ಪೂರ್ತಿಯಾಗಿ ಹಿಂತಿರುಗಿಸುವುದಿಲ್ಲ. ಏಕೆಂದು ವಿದ್ಯಾರ್ಥಿಗಳು ಯೋಚಿಸಲಿ.

ಮಂಡಕಳ್ಳಿಯ ಹೊಸ ನಿಲ್ದಾಣ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ಅದೇ ವರ್ಷ ಬೆಂಗಳೂರಿಗೆ ವಿಮಾನ ಹಾರಿತು. ಒಂದು ವರ್ಷವಾಗುತ್ತಲೇ ನಿಂತಿತು. ಆಮೇಲೂ ಸೇವೆ ಹಲವು ಬಾರಿ ಶುರುವಾಗಿ ಹಲವು ಬಾರಿ ನಿಂತಿದೆ. ಗುಂಡ್ಲುಪೇಟೆಯ ಪ್ರಯಾಣಿಕನ ಲೆಕ್ಕವನ್ನು ಮಾಡಿ ನೋಡಿದರೆ ಕಾರಣದ ಒಂದು ಭಾಗ ತಿಳಿಯುತ್ತದೆ. ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ಮುಂಚಿತವಾಗಿ ಒಂದು ಗಂಟೆ, ಹಾರಾಟಕ್ಕೆ ಸುಮಾರು ಒಂದು ಗಂಟೆ, ಇಳಿದು ದೇವನಹಳ್ಳಿಯಿಂದ ಬೆಂಗಳೂರು ನಗರದೊಳಕ್ಕೆ ಇನ್ನೊಂದು ಗಂಟೆಗೂ ಹೆಚ್ಚು. ಸುಮಾರು 200 ಕಿಲೋಮೀಟರ್ ದಾರಿಯ ಬಸ್ಸೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಮುಟ್ಟಿಸುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ನೆಲದ ದಾರಿಯೇ ಮೊದಲಿಗಿಂತ ಬೇಗನೆ ಸಾಗುತ್ತದೆ.

ದೂರ ಅಷ್ಟೇ, ಕಾಲ ಬೇರೆ

ಇದು ಬರೀ ಲೆಕ್ಕದ ಚಮತ್ಕಾರವಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ಮೂಲಕ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. ರಾತ್ರಿ ರಸ್ತೆ ದಾಟುವ ಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದೇ ಕಾರಣ. ನಿಷೇಧವಿರುವ ರಾತ್ರಿ ಎಂಟೂವರೆಗೆ ಕಾಡಿನ ಗೇಟಿಗೆ ಬಂದವನಿಗೆ ಬತ್ತೇರಿ ಒಂದೂವರೆ ಗಂಟೆಯ ದಾರಿ; ಒಂಬತ್ತೂಕಾಲಿಗೆ ಬಂದವನಿಗೆ ಹತ್ತು ಗಂಟೆಯ ದಾರಿ. ದೂರ ಒಂದು ಮೀಟರೂ ಬದಲಾಗಿಲ್ಲ. ಆನೆ ಜಿಂಕೆಗಳ ಪ್ರಾಣಕ್ಕೆ ನಾವು ಕೊಡುವ ಬೆಲೆ ಈ ಕಾಲದಲ್ಲಿದೆ.

ಇನ್ನೊಂದು ನೆನಪು ಕಹಿಯಾದದ್ದು. ಕೋವಿಡ್‌ನ ಎರಡನೆಯ ಅಲೆಯಲ್ಲಿ, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಗಿ ರೋಗಿಗಳು ಪ್ರಾಣ ಬಿಟ್ಟರು. 24 ಗಂಟೆಗಳಲ್ಲಿ ಸತ್ತವರ ಸಂಖ್ಯೆ 24 ಎಂದು ಆಗ ವರದಿಯಾಯಿತು. ಸಿಲಿಂಡರುಗಳು ಬರಬೇಕಾಗಿದ್ದುದು ಮೈಸೂರಿನಿಂದ. ಮೈಸೂರು ಎಷ್ಟು ದೂರ? ನೇರವಾಗಿ 53 ಕಿಲೋಮೀಟರ್, ರಸ್ತೆಯಲ್ಲಿ ಸುಮಾರು 60. ಭೂಪಟದಲ್ಲಿ ಅದು ಹತ್ತಿರದ ಊರು. ಉಸಿರಿಗಾಗಿ ಕಾಯುತ್ತಿದ್ದವರಿಗೆ ಬೇಕಾದ ಕಾಲದ ಲೆಕ್ಕದಲ್ಲಿ ಅದು ಮುಟ್ಟಲಾರದಷ್ಟು ದೂರವಾಯಿತು.

ಹತ್ತು ಸೆಂಟಿಮೀಟರಿನೊಳಗೆ ತಾಳೆಯಾಗುವಂತೆ ದೂರವನ್ನು ಅಳೆದವರ ಶ್ರಮವನ್ನು ಗೌರವಿಸೋಣ. ಅವರು ಕೊಟ್ಟ ಸಂಖ್ಯೆ ಇಲ್ಲದೆ ವಿಮಾನ ಹಾರದು, ರಸ್ತೆ ಆಗದು. ಆದರೆ ಹರದಾರಿ, ದಿನದ ದಾರಿ ಎಂದು ಕಾಲದಲ್ಲಿ ಯೋಚಿಸಿದ ಹಿರಿಯರ ವಿವೇಕವನ್ನೂ ಬಿಡಬೇಕಾಗಿಲ್ಲ. ಆಸ್ಪತ್ರೆ ಎಲ್ಲಿರಬೇಕು, ಬಸ್ಸು ಎಷ್ಟು ಹೊತ್ತಿಗೆ ಬೇಕು ಎಂದು ತೀರ್ಮಾನಿಸುವಾಗ ಎರಡೂ ಬೇಕು.

ಅಧ್ಯಾಪಕರಿಗೊಂದು ಸಲಹೆ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯಿಂದ ಹತ್ತಿರದ ಆಸ್ಪತ್ರೆಗೆ ಇರುವ ನೇರ ದೂರ, ರಸ್ತೆಯ ದೂರ, ಹಗಲಿನ ಪ್ರಯಾಣದ ಕಾಲ ಮತ್ತು ನಡುರಾತ್ರಿಯ ಪ್ರಯಾಣದ ಕಾಲ ಈ ನಾಲ್ಕನ್ನೂ ಒಂದು ಕೋಷ್ಟಕದಲ್ಲಿ ಬರೆದು ತರಲಿ. ಮೊದಲ ಎರಡು ಅಂಕಣಗಳು ಗಣಿತದ ಪಾಠ. ಕೊನೆಯ ಅಂಕಣವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ.